ಏಳನೆಯ ನಮೂನೆ

ವಿಧಾನಸೌಧದ ಪ್ರೇಕ್ಷಕರ ಗ್ಯಾಲರಿಯಲ್ಲಿ ನಾನು ಕುಳಿತದ್ದು ಜೀವನದಲ್ಲಿ ಒಮ್ಮೆ ಮಾತ್ರ. ಅಂದು ವಿಧಾನಸಭೆ ಒಂದು ತಿದ್ದುಪಡಿ ವಿಧೇಯಕವನ್ನು ಪರಿಶೀಲಿಸುತ್ತಿತ್ತು. ಸಭಾಧ್ಯಕ್ಷರು ಒಂದೊಂದು ಖಂಡವನ್ನೂ ಮತಕ್ಕೆ ಹಾಕುವರು. ಒಪ್ಪಿದವರು 'ಹೌದು' ಎನ್ನುವರು, ಒಪ್ಪದವರು 'ಇಲ್ಲ' ಎನ್ನುವರು. ಯಾವ ಪದ ಹೋಗಿ ಯಾವ ಪದ ಬಂದಿತೆಂದು ನಾನು ಅರಿಯುವಷ್ಟರಲ್ಲಿ ಆ ಖಂಡ ಮುಗಿದಿರುತ್ತಿತ್ತು. ಪಕ್ಕದವರಿಗೆ ಇದು ಬೇಸರ ತಂದಿರಬಹುದು. ನನಗೆ ಮಾತ್ರ ಕುರ್ಡಿಯ ನಮ್ಮ ಎರೆಹೊಲ ಕಣ್ಣಮುಂದೆ ನಿಂತಿತು.

ಕುರ್ಡಿ ರಾಯಚೂರು ಜಿಲ್ಲೆಯ ಒಂದು ಊರು. ಆ ಸೀಮೆ 1956ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನನ್ನ ತಾತ ಅಲ್ಲಿ ಧಣಿಗಳ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಬಿತ್ತುವವರು, ಹರಗುವವರು ನಾವು. ಕಣದಲ್ಲಿ ಜೋಳದ ರಾಶಿಯಾದಾಗ ಅರ್ಧ ಅವರ ಮನೆಗೆ. ಪಾಲು ಮುಟ್ಟಿಸಿದ ಮೇಲೂ ತಾತ ಅವರ ಕಟ್ಟೆಯ ಕೆಳಗೇ ಕೈಕಟ್ಟಿ ನಿಂತಿರುತ್ತಿದ್ದರು. ಪಹಣಿಯಲ್ಲಿ ನಮ್ಮ ಹೆಸರೇ ಇರಲಿಲ್ಲ.

ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಶಾಸಕರು 1961ರ ಭೂಸುಧಾರಣಾ ಕಾಯಿದೆಗೆ ದೊಡ್ಡ ತಿದ್ದುಪಡಿಯನ್ನು ತಂದರು. ಅದು ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಅದರ ಹಕ್ಕನ್ನು ಪಡೆಯಬಹುದಾಗಿತ್ತು. ವಿಚಾರಣೆಗೆಂದು ಭೂ ನ್ಯಾಯಮಂಡಳಿಗಳಾದವು. ಅವುಗಳ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಇದು ಬಡವನಿಗೆ ಎಷ್ಟು ದೊಡ್ಡ ಧೈರ್ಯವೆಂಬುದು ಕೋರ್ಟಿಗೆ ಅಲೆದವರಿಗೇ ಗೊತ್ತು.

ಆದರೂ ತಾತ ಅರ್ಜಿ ಹಾಕಲಿಲ್ಲ. "ನಾವು ಗೇಣಿದಾರರಲ್ಲ, ಪಾಲಿನವರು" ಎಂದರು. ಫಸಲಿನ ಪಾಲೂ ಗೇಣಿಯೇ ಎಂದು ಕಾಯಿದೆ ಹೇಳುತ್ತದೆಂದು ಶಾಲೆಯ ಮಾಸ್ತರರು ವಿವರಿಸಿದರು. ಆಗ ನಿಜವಾದ ಕಾರಣ ಹೊರಬಿತ್ತು.

"ಬರಗಾಲದಾಗ ಅವರ ಮನಿ ಜ್ವಾಳ ಉಂಡೀವಿ. ಅವರ ಮ್ಯಾಲೆ ಅರ್ಜಿ ಹ್ಯಾಂಗ ಹಾಕಲಿ?"

"ಆ ಜ್ವಾಳ ಬೆಳೆದವರು ಯಾರು?" ಎಂದು ಅಜ್ಜಿ ಒಲೆಯ ಮುಂದಿನಿಂದಲೇ ಕೇಳಿದರು.

ತಾತ ಉತ್ತರ ಕೊಡಲಿಲ್ಲ. ವರ್ಷಗಳು ಕಳೆದವು. ಗಡುವು ಮೀರಿಹೋಯಿತೆಂದೇ ನಾವೆಲ್ಲ ತಿಳಿದೆವು. ಅಷ್ಟರಲ್ಲಿ ಶಾಸನಸಭೆ ಕಾಯಿದೆಯನ್ನು ಮತ್ತೆ ತಿದ್ದಿತ್ತು. ಅರ್ಜಿಯ ಕೊನೆಯ ದಿನ 1979ರ ಜೂನ್ 30 ಎಂದಾಗಿತ್ತು. ನಾವು ಕಂಡರಿಯದ ಶಾಸಕರು 'ಹೌದು' ಎಂದು ಒಪ್ಪಿದ ಒಂದು ತಾರೀಖು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿತು. ಆ ಜೂನ್ ತಿಂಗಳಲ್ಲಿ ಅರ್ಜಿ ಬರೆದವನು ಒಂಬತ್ತನೆಯ ತರಗತಿಯ ಹುಡುಗನಾಗಿದ್ದ ನಾನು, ಹೆಬ್ಬೆಟ್ಟು ತಾತನದು. ಕೈ ನಡುಗಿ ಗುರುತು ಕದಡಿದ್ದರಿಂದ ಎರಡನೆಯ ಸಲ ಒತ್ತಬೇಕಾಯಿತು.

ಕಾಯಿದೆಯೆಂದರೆ ಕಲ್ಲಿನಲ್ಲಿ ಕೊರೆದದ್ದಲ್ಲ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂದು ಇದೇ ಕಾಯಿದೆಯಲ್ಲಿದ್ದ ನಿರ್ಬಂಧವನ್ನು 2020ರಲ್ಲಿ ತೆಗೆದುಹಾಕಲಾಯಿತು. ನಮ್ಮಂಥ ಸಣ್ಣ ಹಿಡುವಳಿಯವರ ಮಟ್ಟಿಗೆ ಅದು ಒಳ್ಳೆಯದೆಂದು ನನಗೆ ತೋರುವುದಿಲ್ಲ. ಬೇರೆಯಾಗಿ ಎಣಿಸುವವರೂ ನಮ್ಮ ಮನೆಯಲ್ಲೇ ಇದ್ದಾರೆ.

ಮಂಡಳಿಯ ಮುಂದೆ ನೆರೆಹೊಲದ ಮುದುಕರೊಬ್ಬರು ಬಂದು, ನಲವತ್ತು ವರ್ಷಗಳಿಂದ ಇವರೇ ಉಳುತ್ತಿದ್ದಾರೆಂದು ಸಾಕ್ಷಿ ನುಡಿದರು. ಹೊಲ ನಮ್ಮದಾಯಿತು. ಮುಂದಿನ ರಾಶಿಯ ಮಾರನೆಯ ದಿನ ತಾತ ಒಂದು ಬುಟ್ಟಿ ಜೋಳವನ್ನು ತಲೆಯ ಮೇಲೆ ಹೊತ್ತು ಧಣಿಗಳ ಮನೆಗೆ ಹೊರಟರು. ಅಜ್ಜಿ ತಡೆಯಲಿಲ್ಲ. ನಾನೂ ಹಿಂದೆ ನಡೆದೆ. ತಾತ ಬುಟ್ಟಿಯನ್ನಿಳಿಸಿ ಎಂದಿನಂತೆ ಕಟ್ಟೆಯ ಕೆಳಗೆ ನಿಂತರು. ಧಣಿಗಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕಟ್ಟೆಯ ಮೇಲೆ ಕಂಬಳಿ ಹಾಸಿಸಿ, "ಮ್ಯಾಲೆ ಬಾ, ಕೂಡು" ಎಂದರು.