ಟಿಚ್ ಬಟನ್ನೂ ಗಾಡಿಯ ಆಂಟೆನಾನೂ

ಹೊಲಿಗೆ ಬಲ್ಲ ಸೋದರಿಯರಿಗೆ ಟಿಚ್ ಬಟನ್ನಿನ ವಿಷಯ ಹೇಳಿಕೊಡಬೇಕಾಗಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಉಬ್ಬು ಹೋಗಿ ತಗ್ಗಿನೊಳಗೆ ಕೂತರೆ 'ಟಿಚ್'. ಹಬ್ಬದ ಅವಸರದಲ್ಲಿ ಎರಡು ಕಡೆಗೂ ತಗ್ಗನ್ನೇ ಹೊಲಿದಿರೋ, ಎಷ್ಟು ಒತ್ತಿದರೂ ರವಿಕೆ ನಿಲ್ಲುವುದಿಲ್ಲ. ಈ ಒಂದು ತಿಳಿವಳಿಕೆ ೨೦೨೪ರ ಜೂನ್ ತಿಂಗಳಲ್ಲಿ, ಅಮೆರಿಕದ ಬೆಟ್ಟಗಳ ನಡುವೆ, ನನ್ನ ಕೈಹಿಡಿಯಿತು ಅಂದರೆ ನಗುತ್ತೀರಾ? ನಗಿ, ಆದರೆ ಪೂರ್ತಿ ಕೇಳಿ.

ನನ್ನ ತಮ್ಮ ಅಲ್ಲಿ ಕಂಪ್ಯೂಟರ್ ಇಂಜಿನಿಯರು. "ಅಕ್ಕಾ, ಒಂದ್ಸಲ ಬಂದು ಹೋಗು" ಎಂದು ವರ್ಷಗಟ್ಟಲೆ ಕರೆಯುತ್ತಿದ್ದ. ತುಮಕೂರಿನಲ್ಲಿ ೭೨ ವರ್ಷದ ಅಮ್ಮನನ್ನು ಬಿಟ್ಟು ಹೊರಡಲು ನನಗೆ ಮನಸ್ಸಿಲ್ಲ. ಕೊನೆಗೆ ಅಮ್ಮನೇ, "ಹೋಗಿ ಬಾರೇ, ನಾನೆಲ್ಲಿ ಓಡಿಹೋಗ್ತೀನಿ?" ಎಂದು ಗದರಿಸಿ ಕಳಿಸಿದಳು. ಅಮ್ಮನನ್ನು ನೋಡಿಕೊಳ್ಳಲು ನಮ್ಮವರು ಇದ್ದರು.

ಅಲ್ಲಿಯವರಿಗೆ ರಜೆಯಲ್ಲಿ ಆರ್.ವಿ. ಎಂಬ ವಾಹನದಲ್ಲಿ ಊರೂರು ಸುತ್ತುವ ಹುಚ್ಚು. ನಮ್ಮ ಬಸ್ಸಿನಂಥ ಗಾಡಿ, ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ. ರಾತ್ರಿ ತಂಗಲು ಅದಕ್ಕೆಂದೇ ಜಾಗಗಳಿವೆ. ಅಲ್ಲಿ ನಿಲ್ಲಿಸಿ ಕರೆಂಟಿನ ವೈರು, ನೀರಿನ ಕೊಳವೆ, ಕೊಳೆನೀರಿನ ಕೊಳವೆ ಸಿಕ್ಕಿಸಿದರೆ ಮನೆಯೇ ಸರಿ. ನಾನು ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಾಂ ಮಾತ್ರ ಮನೆಗೆ ಬೆಂಕಿ ಬಿದ್ದವರ ಹಾಗೆ ಕಿರುಚಿಕೊಳ್ಳುತ್ತಿತ್ತು. ತಮ್ಮ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಹೊರಡುವ ವಾರದಲ್ಲಿ ಇಂಟರ್ನೆಟ್ಟಿನ ಹೊಸ ರೂಟರನ್ನು ತಾನೇ ಜೋಡಿಸಿದ್ದ. ಈ ರೂಟರಿಗೆ ಮೊಬೈಲಿನಂತೆ ಸಿಮ್ ಕಾರ್ಡು. ಗಾಡಿಯ ಮಾಡಿನ ಮೇಲಿರುವ ಆಂಟೆನಾ ದೂರದ ಟವರಿನ ಸಿಗ್ನಲನ್ನು ಹಿಡಿದು ವೈರಿನ ಮೂಲಕ ಅದಕ್ಕೆ ಕೊಡುತ್ತದೆ. ಮೊದಲ ಮೂರು ರಾತ್ರಿ ಊರುಗಳ ಹತ್ತಿರ ತಂಗಿದ್ದೆವು. ನೆಟ್ ಚೆನ್ನಾಗಿ ಬಂದು ತಮ್ಮ ಬೀಗುತ್ತಿದ್ದ.

ನಾಲ್ಕನೆಯ ದಿನ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್. ಸಾವಿರಾರು ಕೆಂಪು ಕಲ್ಲಿನ ಕಂಬಗಳು, ಜಾತ್ರೆಯಲ್ಲಿ ಜನ ನಿಂತಂತೆ. ನೋಡಿ ಹೊರಡುವಾಗ ಮಧ್ಯಾಹ್ನ ಹನ್ನೆರಡು, ನಮ್ಮೂರಿನಲ್ಲಿ ರಾತ್ರಿ ಹನ್ನೊಂದೂವರೆ. ನಮ್ಮವರ ಮೆಸೇಜು: ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿದೆ, ನಾಳೆ ಬೆಳಿಗ್ಗೆ ೯ಕ್ಕೆ ಆಪರೇಷನ್‌ಗೆ ಕರೆದೊಯ್ಯುತ್ತಾರೆ, ಅದಕ್ಕೆ ಮೊದಲು ಮಕ್ಕಳ ಹತ್ತಿರ ಮಾತಾಡಬೇಕಂತೆ.

ಅಲ್ಲಿನ ೯ ಗಂಟೆ ಅಂದರೆ ನಮಗೆ ಅದೇ ರಾತ್ರಿ ೯-೩೦. "ಗಾಡೀಲಿ ನೆಟ್ ಇದೆಯಲ್ಲ ಅಕ್ಕ, ಜಾಗ ಸೇರಿ ಆರಾಮಾಗಿ ಮಾತಾಡೋಣ" ಅಂದ ತಮ್ಮ. ಹನ್ನೆರಡನೇ ನಂಬರಿನ ಹೆದ್ದಾರಿ ಹಿಡಿದು, ಸಂಜೆ ಆರಕ್ಕೆ ಒಂದು ಕಣಿವೆಯಲ್ಲಿ ತಂಗಿದೆವು. ಫೋನುಗಳಲ್ಲಿ ಸಿಗ್ನಲಿನ ಒಂದು ಗೆರೆಯೂ ಇಲ್ಲ. ರೂಟರಿನಲ್ಲೂ ಇಲ್ಲ!

ಜಾಗದ ಆಫೀಸಿಗೆ ಆಗಲೇ ಬೀಗ ಬಿದ್ದಿತ್ತು. ತಮ್ಮ ರೂಟರನ್ನು ಆರಿಸಿ ಹಾಕಿದ, ಸಿಮ್ ತೆಗೆದು ಒರೆಸಿ ಹಾಕಿದ, ಫ್ಯೂಸ್ ನೋಡಿದ. ದೀಪವೇನೋ ಉರಿಯುತ್ತಿತ್ತು, ಅಂದರೆ ಕರೆಂಟು ಸರಿಯಿದೆ. ಅಷ್ಟರಲ್ಲಿ ಮಕ್ಕಳು "ಟಿ.ವಿ.ನೂ ಬರ್ತಿಲ್ಲ" ಅಂದವು. "ಹಾಗಾದ್ರೆ ಮೇಲಿನ ಆಂಟೆನಾನೇ ಕೆಟ್ಟಿದೆ" ಎಂದು ತಮ್ಮ ತಲೆಯ ಮೇಲೆ ಕೈಹೊತ್ತು ಕೂತ. ಅವನ ಹೆಂಡತಿ ಗೋಡೆಯ ಮೇಲಿನ ಸ್ವಿಚ್ಚೊಂದನ್ನು ತೋರಿಸಿದಳು. ಟಿ.ವಿ. ಆಂಟೆನಾಕ್ಕೆ ಶಕ್ತಿ ಕೊಡುವ ಬೂಸ್ಟರಿನ ಸ್ವಿಚ್ಚು ಅದು, ಮಕ್ಕಳು ಆಡುತ್ತಾ ಆರಿಸಿದ್ದವು. ಒತ್ತಿದರೆ ಹಸಿರು ದೀಪ ಹತ್ತಿತು, ಚಾನೆಲ್ ಹೊಸದಾಗಿ ಹುಡುಕಿಸಿದರೆ ಎರಡು ಸಿಕ್ಕವು. ಟಿ.ವಿ.ಯ ಆಂಟೆನಾನೇ ಬೇರೆ, ರೂಟರಿನದೇ ಬೇರೆ ಎಂದು ಆಗ ನನಗೆ ಗೊತ್ತಾಯಿತು. ಆದರೆ ನೆಟ್ ಮಾತ್ರ ಬರಲಿಲ್ಲ.

"ಎಂಟೂವರೆವರೆಗೆ ನೋಡೋಣ, ಇಲ್ದಿದ್ರೆ ಎಲ್ಲಾ ಬಿಚ್ಚಿ ವಾಪಸ್ ಹೊರಡೋಣ" ಅಂದ ತಮ್ಮ. ಜಿಂಕೆಗಳು ಅಡ್ಡ ಬರುವ ಬೆಟ್ಟದ ದಾರಿ, ಆ ಉದ್ದದ ಗಾಡಿ, ಕತ್ತಲು. ನನಗೆ ಎದೆ ಡವಗುಟ್ಟಿತು.

ಆಗ ನೆನಪಾದದ್ದು ಅಮ್ಮನೇ. ೧೯೮೭ರಲ್ಲಿ ಭಾನುವಾರ ಭಾನುವಾರ ರಾಮಾಯಣ ಬರುತ್ತಿತ್ತಲ್ಲ, ನಾನು ಎರಡನೇ ಕ್ಲಾಸು. ಅಪ್ಪ ಕ್ಯಾಂಪಿಗೆ ಹೋದಾಗ ಆಂಟೆನಾ ತಿರುಗಿಸಲು ತಾರಸಿ ಹತ್ತುತ್ತಿದ್ದವಳು ಅಮ್ಮ. ಕೆಳಗಿನಿಂದ ನಾನು "ಬಂತು! ಹೋಯ್ತು!" ಎಂದು ಕೂಗುವುದು. ಒಂದು ವಾರ ಎಷ್ಟು ತಿರುಗಿಸಿದರೂ ಬರಲಿಲ್ಲ. ಅಮ್ಮ ಸೆರಗು ಸಿಕ್ಕಿಸಿ, ಟಿ.ವಿ.ಯ ಬೆನ್ನಿನಿಂದ ವೈರನ್ನು ಕೈಯಲ್ಲೇ ಹಿಡಿದು ಹೊರಟಳು. "ಮಧ್ಯ ಬಿಟ್ಟು ಹಾರಬಾರದು, ಗೇಣು ಗೇಣು ನೋಡ್ಕೊಂಡು ಹೋಗ್ಬೇಕು" ಅಂದಳು. ಕಿಟಕಿಯ ಬಾಗಿಲಿಗೆ ಸಿಕ್ಕಿ ವೈರು ತುಂಡಾಗಿತ್ತು.

ನಾನು ರೂಟರಿದ್ದ ಬೀರು ತೆಗೆದೆ. "ಅಕ್ಕ, ನಿಂಗೆ ಅದೆಲ್ಲ ಗೊತ್ತಾಗಲ್ಲ" ಅಂದ ತಮ್ಮ. ಗೊತ್ತಾಗದಿದ್ದರೇನು, ಕಣ್ಣಿದೆಯಲ್ಲ? ಮಾಡಿನಿಂದ ನಾಲ್ಕು ಕರಿ ವೈರು ಇಳಿದಿದ್ದವು. ಎರಡನ್ನು ರೂಟರಿಗೆ ತಿರುಗಿಸಿ ಬಿಗಿದಿತ್ತು, ಎರಡು ಹಿಂದೆ ಸುಮ್ಮನೆ ಬಿದ್ದಿದ್ದವು. "ಇವೆರಡು ಯಾಕೋ?" ಎಂದರೆ, "ಅವು ಗಾಡಿ ಸುತ್ತ ವೈಫೈ ಹರಡೋದಕ್ಕೆ. ಸರಿಯಾಗಿ ಕೂರಲಿಲ್ಲ, ಒಳಗಿರೋ ನಮಗೆ ಬೇಡ ಅಂತ ಬಿಟ್ಟೆ. ಹಳೇ ಚೀಟಿಗಳೂ ಉದುರಿಹೋಗಿದ್ವು" ಅಂದ.

ಕನ್ನಡಕ ಹಾಕಿಕೊಂಡು ಟಾರ್ಚು ಬಿಟ್ಟು ನೋಡಿದೆ. ಬಿದ್ದಿದ್ದ ವೈರುಗಳ ತುದಿಯ ತಿರುಪಿನ ನಡುವೆ ಸೂಜಿಯಂಥ ಸಣ್ಣ ಕಡ್ಡಿ. ರೂಟರ್ ಆರಿಸಿ, ಬಿಗಿದಿದ್ದದ್ದನ್ನು ಬಿಚ್ಚಿಸಿದೆ. ಅದರ ನಡುವೆ ಕಡ್ಡಿಯಿಲ್ಲ, ತೂತು. ರೂಟರಿನ ಬಾಯಲ್ಲಿ? ಅಲ್ಲೂ ತೂತು!

"ಲೋ, ತಗ್ಗಿಗೆ ತಗ್ಗು ಹೊಲಿದಿದ್ದೀಯಲ್ಲೋ!" ಅಂದೆ.

ತಮ್ಮ ಎರಡನ್ನೂ ಹತ್ತಿರ ಹಿಡಿದು ನೋಡಿ ಹಣೆ ಚಚ್ಚಿಕೊಂಡ. ಈ ತಿರುಪಿನಲ್ಲಿ ಎರಡು ಜಾತಿಯಂತೆ. ಮೊಬೈಲ್ ಸಿಗ್ನಲಿನದಕ್ಕೆ ಎಸ್.ಎಂ.ಎ. ಎಂದೂ, ವೈಫೈನದಕ್ಕೆ ಅದರ ತಿರುಗುಮುರುಗು ಜಾತಿ ಆರ್.ಪಿ.ಎಸ್.ಎಂ.ಎ. ಎಂದೂ ಹೆಸರು. ಹೊರಗಿನ ಮರೆ ಎರಡಕ್ಕೂ ಒಂದೇ. ಆದ್ದರಿಂದ ತಪ್ಪಾಗಿ ಹಾಕಿದರೂ ಬಿಗಿಯಾಗಿಯೇ ಕೂರುತ್ತದೆ, ಒಳಗೆ ಮಾತ್ರ ಒಂದಕ್ಕೊಂದು ತಾಗುವುದಿಲ್ಲ. ಊರಿನ ಹತ್ತಿರ ಟವರು ಪಕ್ಕದಲ್ಲೇ ಇದ್ದುದರಿಂದ ಆಂಟೆನಾ ಇಲ್ಲದೆಯೂ ಹೇಗೋ ನಡೆದಿತ್ತು. ಕಣಿವೆಯಲ್ಲಿ ಬಣ್ಣ ಬಯಲಾಯಿತು. ಕಡ್ಡಿಯಿದ್ದ ಎರಡು ವೈರುಗಳನ್ನು ಮೊಬೈಲಿನ ಬಾಯಿಗೆ ಕೊಟ್ಟು ಕೈಯಲ್ಲೇ ತಿರುಗಿಸಿದ. ಇಕ್ಕಳ ತರಲು ಹೋದವನನ್ನು ನಾನೇ ತಡೆದೆ. ಓಲೆಯ ತಿರುಪಿಗೆ ಯಾರಾದರೂ ಇಕ್ಕಳ ಹಾಕುತ್ತಾರೆಯೇ?

ರೂಟರ್ ಮತ್ತೆ ಹಾಕಿ ಮೂರು ನಿಮಿಷ ಎಲ್ಲರೂ ಬಾಯಿಬಿಡಲಿಲ್ಲ. ಒಂದು ಗೆರೆ. ಎರಡು. ಗಂಟೆ ೮-೫೦.

ಫೋನಿನಲ್ಲಿ ಅಮ್ಮನ ಮುಖ ಕಂಡಿತು. ಹಸಿರು ಗೌನು ತೊಡಿಸಿ, ಓಲೆ ಬಳೆ ಬಿಚ್ಚಿಸಿದ್ದರು. "ಊಟ ಆಯ್ತೇನೇ?" ಅಂದಳು. ಆಯಿತು ಎಂದು ಸುಳ್ಳು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಯ ಆಗ್ತಿದೆ ಕಣೇ" ಅಂದಳು. ಅಪ್ಪ ಹೋದಾಗಲೂ ಅಮ್ಮನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ತಮ್ಮನ ಗಂಟಲು ಕಟ್ಟಿತು. ನಾನೇ ಮಾತು ಬದಲಾಯಿಸಿ, ಆಂಟೆನಾ ಕಥೆ, ಟಿಚ್ ಬಟನ್ ಕಥೆ ಎಲ್ಲ ಹೇಳುತ್ತಾ ಹೋದೆ. ತಳ್ಳುಗಾಡಿ ಬರುವವರೆಗೆ ಅಮ್ಮ ಕೇಳುತ್ತಲೇ ಇದ್ದಳು, ಒಮ್ಮೆ ನಕ್ಕಳು ಕೂಡಾ.

ಅಂದು ರಾತ್ರಿ ನಿದ್ದೆ ಯಾರಿಗೆ? ಕೂತಲ್ಲೇ ನನ್ನ ಹೊಲಿಗೆ ಡಬ್ಬಿಯ ಕೆಂಪು ದಾರವನ್ನು ಮೊಬೈಲಿನ ವೈರುಗಳಿಗೂ, ಬಿಳಿಯದನ್ನು ವೈಫೈ ವೈರುಗಳಿಗೂ ಕಟ್ಟಿದೆ. ಒಂದು ಗಂಟೆಗೆ ನಮ್ಮವರ ಮೆಸೇಜು ಬಂತು, ಆಪರೇಷನ್ ಸರಿಯಾಗಿ ಆಯಿತೆಂದು.

ಅಮ್ಮ ಈಗ ವಾಕರ್ ಹಿಡಿದು ಹಿತ್ತಲಿನವರೆಗೂ ಓಡಾಡುತ್ತಾಳೆ. ನೋಡಲು ಬಂದವರಿಗೆಲ್ಲ ಮೊದಲು ಹೇಳುವುದು ಕಾಲಿನ ವಿಷಯವಲ್ಲ, "ನಮ್ಮ ಹುಡುಗಿ ಅಮೆರಿಕದಲ್ಲಿ ಗಾಡಿ ರಿಪೇರಿ ಮಾಡಿದ್ಲು" ಅಂತ. ಹೋದ ವಾರ ಎದುರುಮನೆಯವರು ತಮ್ಮ ಕೆಟ್ಟ ಮಿಕ್ಸಿಯನ್ನು ತಂದು ನಮ್ಮ ಜಗಲಿಯ ಮೇಲಿಟ್ಟು ಹೋಗಿದ್ದಾರೆ.