ಪ್ರತಿಯಿಂದ ಮುಖಕ್ಕೆ

ವೇದಪಾಠಕ್ಕೆ ಕುಳಿತ ವಟುವು ಗುರುಮುಖದಿಂದ ಬಂದ ಸ್ವರವನ್ನೇ ಮರಳಿ ನುಡಿಯಬೇಕು. ಅಲ್ಲಿ ಸ್ವಂತ ರಾಗಕ್ಕೆ ಎಡೆಯಿಲ್ಲ. ಚಿತ್ರವಿದ್ಯೆಯಲ್ಲಿಯೂ ಇಂತಹ ಸಂಥೆಯುಂಟು. ನಡುವಯಸ್ಸು ದಾಟಿದ ಮೇಲೆ ಕುಂಚವನ್ನು ಹಿಡಿದ ಗೃಹಸ್ಥನೊಬ್ಬನು, ವೃದ್ಧರಾದ ತಂದೆಯವರು ಇರುವಾಗಲೇ ಅವರ ಭಾವಚಿತ್ರವನ್ನು ಬರೆಯಬೇಕೆಂಬ ಹಂಬಲದಿಂದ, ಮೊದಲು ಇಟಲಿಯ ರಾಫೆಲನು ಬರೆದ ಬಾಲ್ದಸ್ಸಾರೆ ಕಾಸ್ತಿಲ್ಯೋನೆಯ ಚಿತ್ರವನ್ನು ಪ್ರತಿಮಾಡತೊಡಗಿದನು.

ಸುಮಾರು 1515ರ ಆ ತೈಲಚಿತ್ರವು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವುದು. ಕರಿಯ ಟೋಪಿ, ಬೂದುಬಣ್ಣದ ತುಪ್ಪುಳಿನ ಉಡುಪು, ಎದೆಯ ಬಳಿ ಬಿಳಿಯ ಅಂಗಿ, ನೋಡುವವರನ್ನು ಶಾಂತವಾಗಿ ನೋಡುವ ನೀಲಿ ಕಣ್ಣುಗಳು. ಇಷ್ಟೇ ಅದರ ಸಂಪತ್ತು. ಇದನ್ನು ಪ್ರತಿಮಾಡುವುದು ಲಘುವೆಂದು ರೂಬೆನ್ಸನಂತಹವನೂ ಎಣಿಸಲಿಲ್ಲ. 1639ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಇದು ಹರಾಜಾದಾಗ ರೆಂಬ್ರಾಂಟನು ಅವಸರದಲ್ಲಿ ಇದರ ರೇಖಾಚಿತ್ರವನ್ನೆಳೆದು, ಪಕ್ಕದಲ್ಲಿಯೇ 3500 ಗಿಲ್ಡರೆಂದು ಬೆಲೆಯನ್ನೂ ಗುರುತುಹಾಕಿಕೊಂಡನು. ಮರುವರ್ಷ ತನ್ನ ಚಿತ್ರವನ್ನು ತಾನೇ ಬರೆದುಕೊಂಡಾಗ ಆ ನಿಲುವು ಅವನ ಕೈಯಲ್ಲಿ ಉಳಿದೇ ಇದ್ದಿತು.

ನಮ್ಮ ಗೃಹಸ್ಥನಿಗೆ ದೊರೆತುದು ಅಚ್ಚಿನ ಪ್ರತಿ. ಅಚ್ಚಿನ ಬಣ್ಣವನ್ನು ನಂಬುವುದು ಕಷ್ಟ. ನೆರಳು ಬೆಳಕುಗಳ ತಾರತಮ್ಯವನ್ನಾದರೂ ತಕ್ಕಮಟ್ಟಿಗೆ ನಂಬಬಹುದು. ಚೌಕಗಳನ್ನು ಎಳೆದು ಅಳತೆ ಹಿಡಿದನು. ಮೂಗು ಸರಿಬಂದಿತು, ಕಣ್ಣು ಬರಲಿಲ್ಲ. ಕಣ್ಣೆಂದರೆ ಹೀಗಿರಬೇಕೆಂದು ಮನಸ್ಸು ಮೊದಲೇ ತಿಳಿದಿದ್ದುದರಿಂದ, ಕೈಯು ಎದುರಿಗಿದ್ದುದನ್ನು ಬಿಟ್ಟು ತಿಳಿದುದನ್ನೇ ಬರೆಯುತ್ತಿದ್ದಿತು. ಬೇಸತ್ತು ಮೂಲವನ್ನೂ ಪಟವನ್ನೂ ತಲೆಕೆಳಗಾಗಿ ನಿಲ್ಲಿಸಿದನು. ಆಗ ಕಣ್ಣು ಮಾಯವಾಗಿ, ಕಪ್ಪು ಬಿಳುಪುಗಳ ತುಣುಕುಗಳು ಮಾತ್ರ ಉಳಿದುವು. ಅವುಗಳನ್ನು ಒಂದರ ಪಕ್ಕದಲ್ಲೊಂದು ಇರಿಸುತ್ತ ಹೋದನು. ಕಣ್ಣಿನ ಬಿಳುಪು ಬಿಳಿಯಲ್ಲ, ಹುಬ್ಬಿನ ನೆರಳಿನಲ್ಲಿ ಅದು ಬೂದಿಯ ಬಣ್ಣವೆಂದು ತಿಳಿಯಲು ಅವನಿಗೆ ಹನ್ನೊಂದು ದಿನ ಹಿಡಿದವು. ನೆರಳಿನ ಕಡೆಯ ಕೆನ್ನೆಯಂಚು ಹಿನ್ನೆಲೆಯಲ್ಲಿ ಕರಗುವ ಬಗೆಯನ್ನು ಕಲಿಯಲು ಇನ್ನೂ ಹೆಚ್ಚು.

ಮೂರು ತಿಂಗಳ ಮೇಲೆ ತಂದೆಯವರು ಕಿಟಕಿಯ ಬಳಿ ಕುಳಿತರು. ಸಂಜೆಯೊಳಗಾಗಿ ಮುಖ ಮೂಡಿತು, ಮನೆಯವರೆಲ್ಲರೂ ಹೊಗಳಿದರು. ಮುದುಕರು ಮಾತ್ರ ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ನೋಡಿ, “ಯಾರಪ್ಪಾ ಇವರು? ದೊಡ್ಡ ಮನುಷ್ಯರ ಹಾಗಿದ್ದಾರೆ” ಎಂದರು.

ಮಗನು ನಗಲಿಲ್ಲ. ಸುಕ್ಕುಗಟ್ಟಿದ ಕೆನ್ನೆಯ ಮೇಲೆ ರಾಫೆಲನ ನುಣುಪಾದ ನೆರಳೇ ಕುಳಿತಿದ್ದಿತು. ಹಸಿಯಾಗಿದ್ದ ಬಣ್ಣವನ್ನು ಚೂರಿಯಿಂದ ಕೆರೆದು ತೆಗೆದನು. ಕಾಸ್ತಿಲ್ಯೋನೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟನು.

“ನಾಳೆ ಇನ್ನೊಮ್ಮೆ ಕುಳಿತುಕೊಳ್ಳುತ್ತೀರಾ ಅಪ್ಪಾ?”

“ಪೂಜೆ ಮುಗಿದ ಮೇಲೆ ಆಗಲಿ. ಬೆನ್ನಿಗೊಂದು ದಿಂಬು ಇಡು.”