ಅಜ್ಜ ನೋಡಿದ ಗಾಂಧಿ

ಹೊರಗಿನವನೊಬ್ಬ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ನಮ್ಮ ಹಿರಿಯರ ಕಥೆಯನ್ನು ನಮಗೇ ಹೇಳತೊಡಗಿದರೆ ನಮಗೆ ಏನನಿಸೀತು? ಮೊದಲು ಹೆಮ್ಮೆಯೆನಿಸೀತು, ಮರುಕ್ಷಣವೇ ‘ಇವನಿಗೇನು ಗೊತ್ತು ನಮ್ಮ ವಿಷಯ?’ ಎಂಬ ಸಿಟ್ಟೂ ಬಂದೀತು. ಈ ಎರಡು ಭಾವಗಳ ತಿಕ್ಕಾಟವನ್ನು ನಾನು ಚೆನ್ನಾಗಿ ಅನುಭವಿಸಿದ್ದು 1983ರಲ್ಲಿ, ಹುಬ್ಬಳ್ಳಿಯ ಒಂದು ಚಿತ್ರಮಂದಿರದಲ್ಲಿ, ನನ್ನ ಅಜ್ಜನ ಪಕ್ಕದಲ್ಲಿ ಕುಳಿತು.

ಆಗ ತಾನೆ ನಾನು ಎಂ.ಎ. ಮುಗಿಸಿ ಅಧ್ಯಾಪಕ ವೃತ್ತಿಗೆ ಸೇರಿದ್ದೆ. ರಿಚರ್ಡ್ ಅಟೆನ್‌ಬರೋ ಎಂಬ ಆಂಗ್ಲ ನಿರ್ದೇಶಕರ ‘ಗಾಂಧಿ’ ಚಲನಚಿತ್ರವು 1982ರ ನವೆಂಬರ್ 30ರಂದು ದೆಹಲಿಯಲ್ಲಿ ಮೊದಲ ಪ್ರದರ್ಶನ ಕಂಡಿತ್ತು. ಅದು ತೆರೆಗೆ ಬರುವ ಮೊದಲೇ ದೇಶದಲ್ಲಿ ವಾದವಿವಾದಗಳು ಎದ್ದಿದ್ದವು. ನಮ್ಮನ್ನು ಆಳಿದ ನಾಡಿನವರು ನಮ್ಮ ರಾಷ್ಟ್ರಪಿತನ ಕಥೆಯನ್ನು ಹೇಳುವುದೇ? ಬಾಪುವಿನ ಪಾತ್ರಕ್ಕೆ ಈ ವಿಶಾಲ ದೇಶದಲ್ಲಿ ಒಬ್ಬ ನಟನೂ ದೊರೆಯಲಿಲ್ಲವೆ? ನಮ್ಮ ನಿರ್ದೇಶಕರೇ ಹಣಕ್ಕಾಗಿ ಪರದಾಡುತ್ತಿರುವಾಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವು ಪರದೇಶದವರ ಚಿತ್ರಕ್ಕೆ ಕೋಟಿಗಟ್ಟಲೆ ಹಣ ತೊಡಗಿಸಬಹುದೆ? ಇಂಥ ಅನುಮಾನ ಹೊಸದೇನೂ ಆಗಿರಲಿಲ್ಲ. ಗಾಂಧೀಜಿಯ ಹತ್ಯೆಯನ್ನು ಕುರಿತು 1963ರಲ್ಲಿ ಹೊರದೇಶದವರು ತೆಗೆದ ‘ನೈನ್ ಅವರ್ಸ್ ಟು ರಾಮ’ ಎಂಬ ಚಿತ್ರವನ್ನು ನಮ್ಮಲ್ಲಿ ನಿಷೇಧಿಸಲಾಗಿತ್ತು.

ಸಿಟ್ಟಾದವರಲ್ಲಿ ನಾನೂ ಒಬ್ಬ. ಅಧ್ಯಾಪಕರ ಕೊಠಡಿಯಲ್ಲಿ ಗಂಟಲು ಒಣಗುವವರೆಗೆ ವಾದಿಸಿದೆ. ಚಿತ್ರವನ್ನು ಮಾತ್ರ ಇನ್ನೂ ನೋಡಿರಲಿಲ್ಲ!

ಆಮೇಲೆ 1983ರ ಏಪ್ರಿಲ್ ತಿಂಗಳಲ್ಲಿ ಆ ಚಿತ್ರಕ್ಕೆ ಎಂಟು ಆಸ್ಕರ್ ಪ್ರಶಸ್ತಿಗಳು ಬಂದವು. ವಸ್ತ್ರವಿನ್ಯಾಸಕ್ಕಾಗಿ ಅದರಲ್ಲೊಂದನ್ನು ಹಂಚಿಕೊಂಡ ಭಾನು ಅಥೈಯಾ ಅವರು ಆ ಗೌರವ ಪಡೆದ ಮೊದಲ ಭಾರತೀಯರಾದರು. ನಮ್ಮ ಕೊಠಡಿಯ ಧಾಟಿಯೇ ಬದಲಾಯಿತು. ನಿನ್ನೆಯವರೆಗೆ ‘ಅವರ ಚಿತ್ರ’ವಾಗಿದ್ದುದು ಬೆಳಗಾಗುವುದರೊಳಗೆ ‘ನಮ್ಮ ಚಿತ್ರ’ವಾಯಿತು. ಹೊರಗಿನವರು ಬೈದರೆ ಕುದಿಯುವುದು, ಹೊಗಳಿದರೆ ಉಬ್ಬುವುದು, ಇವೆರಡೂ ಒಂದೇ ದೌರ್ಬಲ್ಯದ ಎರಡು ಮುಖಗಳೆಂದು ನನಗೆ ಆಗ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲಿ ಅಜ್ಜ ಅಂಕೋಲೆಯಿಂದ ನನ್ನಲ್ಲಿಗೆ ಬಂದರು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಅವರಿಗೆ ಹದಿನೇಳು ವರ್ಷ. ಕಡಲ ನೀರನ್ನು ಕಾಯಿಸಿ ಉಪ್ಪು ಮಾಡಿದವರ ಗುಂಪಿನಲ್ಲಿ ಅವರೂ ಇದ್ದರು. ಮುಂದೆ ಕರನಿರಾಕರಣೆಯ ಕಾಲದಲ್ಲಿ ಸೆರೆಮನೆಯನ್ನೂ ಕಂಡರು. ಹಿಂದಿಯನ್ನು ಕಲಿತದ್ದು ಅಲ್ಲಿಯೇ. ಅದರಿಂದ, ಚಿತ್ರದ ಹಿಂದಿ ಅವತರಣಿಕೆ ಬಂದಿದೆಯೆಂದು ತಿಳಿದಾಗ, “ನಡಿ ತಮಾ, ನೋಡಿಯೇ ಬರೋಣ” ಎಂದು ಹೊರಟುನಿಂತರು.

ಮೂರು ಗಂಟೆಗೂ ಮೀರಿದ ಚಿತ್ರ. ಜಲಿಯನ್‌ವಾಲಾ ಬಾಗಿನ ದೃಶ್ಯದಲ್ಲಿ ಇಡೀ ಮಂದಿರ ಉಸಿರು ಬಿಗಿಹಿಡಿದಿತ್ತು. ಧರಾಸಣದ ಉಪ್ಪಿನ ಕೋಠಿಯ ಮುಂದೆ ಸತ್ಯಾಗ್ರಹಿಗಳು ಸಾಲುಸಾಲಾಗಿ ನಡೆದು ಲಾಠಿಯ ಏಟಿಗೆ ಬೀಳುವುದನ್ನು ತೋರಿಸುವಾಗ ಅಜ್ಜ ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ಆ ಹಿಡಿತ ಸಡಿಲವಾದದ್ದು ದೃಶ್ಯ ಮುಗಿದ ಮೇಲೆಯೇ.

ಹೊರಗೆ ಬಂದೊಡನೆ ನಾನು ದೋಷಗಳ ಪಟ್ಟಿಯನ್ನು ಬಿಚ್ಚಿದೆ. ಡಾ. ಅಂಬೇಡ್ಕರ್ ಅವರ ಸುಳಿವೇ ಇಲ್ಲ; ಸುಭಾಷಚಂದ್ರ ಬೋಸರೂ ಇಲ್ಲ. ಇಷ್ಟು ದೊಡ್ಡ ಹೋರಾಟವನ್ನು ಒಬ್ಬರ ಕಥೆಯನ್ನಾಗಿ ಮಾಡಿದ್ದಾರೆ. ಈ ಮಾತುಗಳು ಸುಳ್ಳಲ್ಲ. ಇಂದಿಗೂ ನಾನು ಅವನ್ನು ಹಿಂತೆಗೆದುಕೊಳ್ಳಲಾರೆ. ಅಜ್ಜ ಎಲ್ಲವನ್ನೂ ಕೇಳಿ ಹೇಳಿದರು:

“ಹೌದು ತಮಾ, ಅಂಕೋಲೆಯೂ ಇಲ್ಲ. ಅವರಿಗೆ ಕಂಡಷ್ಟನ್ನು ಅವರು ತೋರಿಸಿದರು. ಏಟು ತಿಂದವರ ಧೈರ್ಯವನ್ನು ಚೆನ್ನಾಗಿಯೇ ತೋರಿಸಿದ್ದಾರೆ. ಆದರೆ ಆ ಸಾಲಿನಲ್ಲಿ ಯಾರಿಗೂ ಹೆದರಿಕೆಯೇ ಇದ್ದಂತಿಲ್ಲ. ನಮಗೆ ಹೆದರಿಕೆಯಿತ್ತು. ಆ ದಿನ ನನ್ನ ಕಾಲು ನಡುಗಿತ್ತು. ಅದನ್ನು ಅವರು ಹೇಗೆ ತೋರಿಸಿಯಾರು? ನಾವು ಯಾರಿಗೂ ಹೇಳಲೇ ಇಲ್ಲವಲ್ಲ!”

ನನ್ನ ಬಾಯಿ ಕಟ್ಟಿತು. ಅಜ್ಜ ನಕ್ಕು, “ರಜೆಯಲ್ಲಿ ಊರಿಗೆ ಬಾ. ನೆನಪಿದ್ದಷ್ಟನ್ನು ಹೇಳುತ್ತೇನೆ, ಬರೆದುಕೋ” ಎಂದರು.

ಮುಂದೆ ಆ ಚಿತ್ರವನ್ನು ಕುರಿತು ಓದುತ್ತ ಹೋದಂತೆ ನನ್ನ ಹಳೆಯ ಸಿಟ್ಟಿನ ಅರ್ಧ ಭಾಗ ಅಜ್ಞಾನವೆಂದು ತಿಳಿಯಿತು. ಅಟೆನ್‌ಬರೋ ಅವರ ಮನಸ್ಸಿನಲ್ಲಿ 1962ರಲ್ಲಿ ಈ ಬೀಜವನ್ನು ಬಿತ್ತಿದವರು ಲಂಡನ್ನಿನಲ್ಲಿದ್ದ ಮೋತಿಲಾಲ್ ಕೊಠಾರಿ ಎಂಬ ಭಾರತೀಯರು. ಗಾಂಧಿಯಾಗಿ ನಟಿಸಿದ ಬೆನ್ ಕಿಂಗ್ಸ್‌ಲಿಯವರ ತಂದೆ ಗುಜರಾತಿ ಮೂಲದವರು. ಕಸ್ತೂರಬಾ ಆದವರು ನಮ್ಮ ರೋಹಿಣಿ ಹಟ್ಟಂಗಡಿ. ಸಂಗೀತದಲ್ಲಿ ಪಂಡಿತ್ ರವಿಶಂಕರರ ಕೈಯಿತ್ತು. ಶವಯಾತ್ರೆಯ ದೃಶ್ಯವನ್ನು 1981ರ ಜನವರಿ 31ರಂದು ದೆಹಲಿಯಲ್ಲಿ ಚಿತ್ರೀಕರಿಸಿದಾಗ ಸುಮಾರು 3 ಲಕ್ಷ ಜನ ನೆರೆದಿದ್ದರು. ಅವರಲ್ಲಿ ಬಹುಪಾಲು ಜನ ಸಂಬಳ ಬೇಡದೆ ಬಂದವರು. ಪರಕೀಯರ ಚಿತ್ರವೆಂದು ನಾನು ದೂರಿದ್ದರಲ್ಲಿ ನಮ್ಮವರ ಬೆವರೂ ಕಣ್ಣೀರೂ ಬೆರೆತಿದ್ದವು.

ಇನ್ನು ಉಳಿದ ಅರ್ಧ ಸಿಟ್ಟಿಗೆ ಉತ್ತರವನ್ನು ಕೊಟ್ಟವರು ವಾದಿಸಿದವರಲ್ಲ, ಕೆಲಸ ಮಾಡಿದವರು. ಗಾಂಧೀಜಿಯ ದಕ್ಷಿಣ ಆಫ್ರಿಕದ ದಿನಗಳನ್ನು ಕುರಿತು ಶ್ಯಾಮ್ ಬೆನೆಗಲ್ 1996ರಲ್ಲಿ ‘ದ ಮೇಕಿಂಗ್ ಆಫ್ ದ ಮಹಾತ್ಮ’ವನ್ನು ನಿರ್ದೇಶಿಸಿದರು. ಆಂಗ್ಲರ ಚಿತ್ರದಲ್ಲಿ ಕಾಣದ ಅಂಬೇಡ್ಕರರನ್ನು 2000ದಲ್ಲಿ ಜಬ್ಬಾರ್ ಪಟೇಲ್ ತೆರೆಯ ಮೇಲೆ ತಂದರು. ಆ ಪಾತ್ರವನ್ನು ಮಮ್ಮೂಟ್ಟಿ ನಿರ್ವಹಿಸಿದರು. ಹೊರಗಿನವರು ಬಿಟ್ಟುದನ್ನು ತುಂಬುವ ದಾರಿ ಇದೊಂದೇ.

ಆದರೆ ನಾನು? ಚಿತ್ರ ನೋಡಿ ಬಂದ ಮರುದಿನವೇ ಇನ್ನೂರು ಪುಟಗಳ ನೋಟುಪುಸ್ತಕವನ್ನು ಕೊಂಡುತಂದೆ. ಆ ರಜೆಯಲ್ಲಿ ಪರೀಕ್ಷೆಯ ಕೆಲಸ ಬಂತು. ಮುಂದಿನ ರಜೆಯಲ್ಲಿ ಇನ್ನೇನೋ ಬಂತು. 1984ರ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಅಂಬೇಡ್ಕರರನ್ನು ಬಿಟ್ಟರೆಂದು ಅಟೆನ್‌ಬರೋ ಅವರನ್ನು ದೂರಿದ ನಾನು, ನನ್ನ ಮನೆಯ ಸತ್ಯಾಗ್ರಹಿಯನ್ನೇ ಬಿಟ್ಟುಬಿಟ್ಟಿದ್ದೆ.

ಮಕ್ಕಳೇ, ನಿಮ್ಮ ಊರಿನ ಕಥೆಯನ್ನು ಯಾರಾದರೂ ತಪ್ಪಾಗಿ ಹೇಳಿದರೆ ಸಿಟ್ಟಾಗಿ, ಅದು ತಪ್ಪಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ. ಸರಿಯಾದ ಕಥೆಯನ್ನು ಬಲ್ಲವರು ನಿಮ್ಮ ಮನೆಯ ಜಗಲಿಯ ಮೇಲೆಯೇ ಕುಳಿತಿರಬಹುದು. ಅವರನ್ನು ಇಂದೇ ಕೇಳಿ, ಕೇಳಿದ್ದನ್ನು ಬರೆದಿಡಿ.

ಆ ನೋಟುಪುಸ್ತಕ ಇಂದಿಗೂ ನನ್ನ ಬಳಿಯಿದೆ. ಅದರಲ್ಲಿರುವುದು ಒಂದೇ ಸಾಲು: ‘1930, ಏಪ್ರಿಲ್ 13, ಅಂಕೋಲೆ. ಅಜ್ಜನ ಕಾಲು ನಡುಗಿತ್ತು.’